ಹಲಗೆಯ ಮೇಲಿನ ಹೆಸರು

ಮೇಜಿನ ಕೆಳಗೆ ತಲೆ ತೂರಿಸಿ ನೋಡಿದರೂ ಮರದಕ್ಕನಿಗೆ ತಿರುಪಿನ ಗುರುತು ಕಾಣಲಿಲ್ಲ. ಅಂಚನ್ನು ಬೆರಳಿನಿಂದ ಸವರಿದಳು. ನುಣ್ಣಗಿತ್ತು. ಹಲಗೆಯನ್ನು ಮೇಜಿಗೆ ಕಚ್ಚಿಸುವ ಕಬ್ಬಿಣದ ಹಿಡಿಯನ್ನು ಒಂದೇ ಒಂದು ಸಲ ಬಿಗಿದಿದ್ದರೂ ಮರದ ಮೇಲೆ ಗುಂಡನೆಯ ಸಣ್ಣ ತಗ್ಗು ಬಿದ್ದಿರಬೇಕಿತ್ತು. ಇದು ಅವಳ ಕಸುಬು, ಇದರಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗದು.

"ನೀವು ಹಲಗೇನ ಮೇಜಿಗೆ ಹಾಕೇ ಇಲ್ಲ," ಎಂದಳು, ಮೊಣಕಾಲ ಧೂಳು ಕೊಡವಿಕೊಂಡು ಏಳುತ್ತ.

"ಮೇಜಿಗ್ಯಾಕೆ ಹಾಕ್ಲಿ?" ಎಂದರು ಮನೆಯ ಯಜಮಾನರು. ಕೆಲಸದಲ್ಲಿದ್ದಷ್ಟು ಕಾಲವೂ ಬಸ್ ಕಂಡಕ್ಟರಾಗಿದ್ದವರು. ಬಲಗೈಗೆ ಲಕ್ವ ಹೊಡೆದು ಮನೆಯಲ್ಲಿ ಕೂತಿದ್ದರೂ ದನಿ ಮಾತ್ರ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತಿತ್ತು. "ಕಬ್ಬಿಣದ್ದು ಅಲ್ಲಿದೆ ನೋಡಿ. ಗಾಳಿಗೆ ಬಾಗಿಲು ಹೊಡ್ಕೊಳ್ತಿತ್ತು, ಪಕ್ಕದ ಮನೆಯವರ ಕೈಲಿ ಬಿಚ್ಚಿಸಿ ಅಡ್ಡ ಇಟ್ಟೆ. ಒಳ್ಳೇ ಭಾರ ಇದೆ ಮೇಡಂ."

ಮರದಕ್ಕ ತಿರುಗಿ ನೋಡಿದಳು. ಇಡೀ ಒಂದು ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದ ಅವಳ ಹಿಡಿ ಬಾಗಿಲ ಬುಡದಲ್ಲಿ ಬಿದ್ದಿತ್ತು. ಯಾವ ದಪ್ಪದ ಮೇಜಿಗೂ ಹೊಂದುವ ಹಾಗೆ ಎರಡು ಕಡೆ ಜರುಗುವ ಹಿಡಿ ಅದು. ಅದರ ಮೇಲೆ ಕಾಲೊರಸಿನ ಒಂದು ಮೂಲೆ ಬೇರೆ ಹತ್ತಿ ಕೂತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

ಹಲಗೆ ಸರಳವಾದದ್ದು. ಒಂದು ತುದಿಯಲ್ಲಿ ಕತ್ತರಿಯಂತೆ ಬಾಯಿ ತೆರೆದ ಎರಡು ಮರದ ದವಡೆ, ಅವುಗಳ ಒಳಮೈಗೆ ಸೈಕಲ್ ಟ್ಯೂಬಿನ ರಬ್ಬರು. ನಡುವೆ ಬಾಟಲಿ ಇಟ್ಟು ಮುಚ್ಚಳ ತಿರುಗಿಸಿದರೆ, ತಿರುಗಿಸಿದಷ್ಟೂ ಬಾಟಲಿ ದವಡೆಯೊಳಗೆ ಬಿಗಿಯಾಗಿ ಕೂರುತ್ತದೆ. ಒಂದೇ ಕೈ ಇದ್ದವರೂ ಮುಚ್ಚಳ ತೆಗೆಯಬಹುದು. ಹಲಗೆಯ ಬಾಲದಲ್ಲಿ ಕಬ್ಬಿಣದ ಹಿಡಿ, ಅದರ ಪಕ್ಕದಲ್ಲಿ ಕಾದ ಮುದ್ರೆಯಿಂದ ಸುಟ್ಟು ಮೂಡಿಸಿದ ಅವಳ ಹೆಸರು. ಮರಗೆಲಸದ ಮನೆಯಲ್ಲಿ ಹುಟ್ಟಿದ್ದಕ್ಕೆ ಓಣಿಯವರೆಲ್ಲ ಅವಳನ್ನು ಮರದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಬಾಯಿಗೆ ಬಾರದೆ ಹಲಗೆಗಳ ಮೇಲಷ್ಟೇ ಉಳಿದಿತ್ತು. ಫೋನ್ ನಂಬರನ್ನೂ ಹಾಕು ಎಂದು ಗಂಡ ಹೇಳಿದ್ದ. ಒಳ್ಳೆಯ ಕೆಲಸ ಮಾಡಿದವರನ್ನು ಜನ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಾರೆ ಎನ್ನುವುದು ಅವಳ ಅಪ್ಪನ ಹಟ. ಆ ಹಟ ಅವಳಿಗೂ ಬಂದಿತ್ತು.

ಈಗ ಆಸ್ಪತ್ರೆಯೊಂದು ಹಲಗೆಯನ್ನು ಮೆಚ್ಚಿತ್ತು. ಲಕ್ವ ಹೊಡೆದು ಚೇತರಿಸಿಕೊಂಡು ಮನೆಗೆ ಹೋಗುವ ಪ್ರತಿಯೊಬ್ಬರಿಗೂ ಒಂದೊಂದು ಕೊಡುವುದಾಗಿ ಹೇಳಿತ್ತು. ಕೊನೆಯ ಮಾದರಿಯನ್ನು ನಾಳೆ ಬೆಳಿಗ್ಗೆ ಒಪ್ಪಿಸಬೇಕು, ಆಮೇಲೆ ಅದೇ ಅಳತೆಯಲ್ಲೇ ಎಲ್ಲವೂ ತಯಾರಾಗುತ್ತವೆ. ಅದಕ್ಕೆ ಮುಂಚೆ ಕೊಂಡವರ ಮನೆಗಳಲ್ಲಿ ಹಲಗೆ ಹೇಗೆ ನಡೆಯುತ್ತಿದೆಯೋ ನೋಡಿಕೊಂಡು ಬರೋಣ ಎಂದು ಹೊರಟಿದ್ದಳು. ಬೆನ್ನು ತಟ್ಟಿಸಿಕೊಳ್ಳುವ ಆಸೆಯೂ ಇತ್ತು ಅನ್ನಿ.

"ಹಿಡಿ ಇಲ್ದೆ ಹೇಗೆ ತೆಗೀತೀರಿ ಮುಚ್ಚಳ?"

"ತೋರಿಸ್ತೀನಿ ತಡೀರಿ." ಕಂಡಕ್ಟರು ಕುರ್ಚಿಯ ಮೇಲೆ ಹಲಗೆಯ ಬಾಲವಿಟ್ಟು ಅದರ ಮೇಲೆ ಧಡಕ್ಕನೆ ಕೂತರು. ದವಡೆ ಅವರ ಮೊಣಕಾಲುಗಳ ನಡುವೆ ಮುಂದಕ್ಕೆ ಚಾಚಿಕೊಂಡಿತು. ಬಿಸ್ಕತ್ತಿನ ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ, ಎಡಗೈಯಿಂದ ಒಂದು ತಿರುವು ತಿರುವಿದರು. ಮುಚ್ಚಳ ಬಂತು. "ತಗೊಳ್ಳಿ, ಬಿಸ್ಕತ್ತು ತಿನ್ನಿ."

"ಯಾರು ಹೇಳಿಕೊಟ್ರು ಇದನ್ನ?"

"ಯಾರಂದ್ರೆ? ನೀವೇ!"

"ನಾನಾ?"

"ಮರೆತ್ರಾ? ಫೋನಲ್ಲಿ ಬೈದ್ರಲ್ಲ ಮೇಡಂ. 'ಹಾಗಾದ್ರೆ ಅದರ ಮೇಲೆ ಹತ್ತಿ ಕೂತ್ಕೊಳ್ಳಿ' ಅಂತ ರೇಗಿ ಫೋನಿಟ್ರಿ. ನನಗೂ ಸಿಟ್ಟು ಬಂತು. ಬಂದು ಕೂತೇಬಿಟ್ಟೆ. ನೋಡಿದ್ರೆ ಸರಿಯಾಗಿದೆ! ಆದ್ರೆ ಫೋನಲ್ಲಿ ನಿಮ್ಮ ದನಿ ಇನ್ನೂ ಸ್ವಲ್ಪ ದಪ್ಪ ಇತ್ತು. ನೆಗಡಿಯಾಗಿತ್ತಾ?"

ಮರದಕ್ಕ ಬಿಸ್ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಅವಳು ಈ ಮನುಷ್ಯನ ಜೊತೆ ಫೋನಿನಲ್ಲಿ ಮಾತಾಡಿಯೇ ಇರಲಿಲ್ಲ.

ಮುಂದಿನ ಬೀದಿಯಲ್ಲಿದ್ದ ನರ್ಸಮ್ಮನ ಮನೆಯಲ್ಲೂ ಅದೇ ಕಥೆ. ಆಕೆಯೂ ಹಲಗೆಯ ಮೇಲೆ ಕೂರುತ್ತಿದ್ದರು, ಆಕೆಗೂ "ನೀವೇ" ಹೇಳಿಕೊಟ್ಟಿದ್ದರು. ಹಿಡಿ ಮಂಚದ ಕೆಳಗೆ ಸೇರಿತ್ತು. ನಂಬರು ಎಲ್ಲಿಂದ ಸಿಕ್ಕಿತು ಎಂದು ಕೇಳಿದರೆ, ಹಲಗೆ ಮಾರಿದ ಔಷಧಿ ಅಂಗಡಿಯವನು ಕೊಟ್ಟನಂತೆ. ಮರದಕ್ಕ ನೇರವಾಗಿ ಅಲ್ಲಿಗೆ ನಡೆದಳು. ಇಷ್ಟು ಹೊತ್ತಿಗೆ ಅವಳ ಸಿಟ್ಟಿಗೆ ಕುತೂಹಲವೂ ಸೇರಿಕೊಂಡಿತ್ತು. ತನ್ನ ಹೆಸರಿನಲ್ಲಿ, ತನ್ನದಲ್ಲದ ದನಿಯಲ್ಲಿ, ತನ್ನ ಹಲಗೆಯ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುತ್ತಿರುವ ಈ ಮಹಾತಾಯಿ ಯಾರು?

ಅಂಗಡಿಯವನು ಗಾಜಿನ ಕೆಳಗಿದ್ದ ಕಾರ್ಡು ತೋರಿಸಿದ. "ನಿಮ್ಮದೇ ಅಲ್ವಾ ಅಕ್ಕಾ? ಹೆಸರು ಇದೇ ಇತ್ತು. ಹಲ್ಲೂ ನೋಡ್ತೀರೇನೋ ಅಂದ್ಕೊಂಡೆ."

ಹೆಸರು ಅದೇ. ಅಕ್ಷರ ಬಿಡದೆ ಅದೇ. ಕೆಳಗೆ ದಂತವೈದ್ಯೆ ಎಂದಿತ್ತು.

ಹಲ್ಲಿನ ಆಸ್ಪತ್ರೆ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿತ್ತು. ಕೆನ್ನೆ ಹಿಡಿದುಕೊಂಡು ಕೂತವರ ನಡುವೆ ದಾರಿ ಮಾಡಿಕೊಂಡು ಮರದಕ್ಕ ಮೇಜಿನ ಬಳಿ ಹೋದಳು. ಚೀಟಿ ಬರೆಯುವ ಹೆಂಗಸು ತಲೆ ಎತ್ತದೆ ಹೆಸರು ಕೇಳಿದಳು. ಮರದಕ್ಕ ಹೇಳಿದಳು.

"ಡಾಕ್ಟ್ರ ಹೆಸರಲ್ಲಮ್ಮ, ನಿಮ್ಮ ಹೆಸರು ಹೇಳಿ."

"ನಂದೇ ಹೇಳಿದ್ದು."

ಆ ಹೆಂಗಸು ಈಗ ತಲೆ ಎತ್ತಿದಳು, ಒಂದು ಗಳಿಗೆ ದಿಟ್ಟಿಸಿದಳು, ಚೀಟಿ ಬರೆಯದೆ ಎದ್ದು ಒಳಗೆ ಓಡಿದಳು. ಒಳಗಿನಿಂದ ದಪ್ಪ ದನಿಯೊಂದು "ಕಳಿಸು, ಕಳಿಸು, ಈಗಲೇ ಕಳಿಸು" ಎಂದಿತು.

ಕುರ್ಚಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಬಾಯಿ ಅಗಲಿಸಿಕೊಂಡು ಮಲಗಿದ್ದಳು. ಅವಳ ಕೈಯಲ್ಲಿ ದುಂಡನೆಯ ಕನ್ನಡಿ. ಕನ್ನಡಿ ಕಳೆದುಹೋಗದಿರಲೆಂದು ಪರದೆಯ ದಾರದಿಂದ ಕುರ್ಚಿಯ ತೋಳಿಗೆ ಕಟ್ಟಿದ್ದರು. ಹುಡುಗಿ ಅಳುತ್ತಿರಲಿಲ್ಲ. ತನ್ನ ಬಾಯೊಳಗೆ ನಡೆಯುತ್ತಿದ್ದುದನ್ನು ಬಲು ಆಸಕ್ತಿಯಿಂದ ನೋಡುತ್ತಿದ್ದಳು. ಡಾಕ್ಟರು ಕೆಲಸ ಮುಗಿಸಿ, ಹುಡುಗಿಯನ್ನು ಇಳಿಸಿ, ಮುಖಗವಸು ಕೆಳಗೆಳೆದು ಇವಳತ್ತ ತಿರುಗಿದರು. ಮರದಕ್ಕನಿಗಿಂತ ಸ್ವಲ್ಪ ಹಿರಿಯರು, ದುಂಡು ಮುಖ.

"ಹಲಗೆ?" ಎಂದು ಕೇಳಿದರು.

"ಹಲಗೇನೇ," ಎಂದಳು ಮರದಕ್ಕ. ದಾರಿಯುದ್ದಕ್ಕೂ ಮಸೆದು ತಂದಿದ್ದ ಮಾತು ಹೊರಗೆ ಬಂತು. "ಡಾಕ್ಟ್ರೇ, ನಿಮಗೆ ಗೊತ್ತಿಲ್ಲದ ವಿಷಯಕ್ಕೆ ಮೂಗು ಯಾಕೆ ತೂರಿಸಿದ್ರಿ? ರಾಂಗ್ ನಂಬರ್ ಅಂತ ಇಡೋಕಾಗ್ತಿರಲಿಲ್ವಾ?"

"ಇಡ್ದೇ ಇರ್ತೀನಾ? ಮೊದಮೊದಲು ಅದೇ ಹೇಳ್ತಿದ್ದೆ. 'ನಿಮ್ಮ ಹೆಸರು ಇದೇ ತಾನೇ?' ಅಂತಾರೆ. ಹೌದು ಅಂತೀನಿ. 'ಮತ್ತೆ?' ಅಂತಾರೆ. ಅಪ್ಪ ಅಮ್ಮ ಇಟ್ಟ ಹೆಸರನ್ನ ನಂದಲ್ಲ ಅನ್ನೋಕಾಗುತ್ತೇನ್ರೀ?" ಡಾಕ್ಟರು ಕೈಗವಸು ಕಳಚಿ ಬುಟ್ಟಿಗೆ ಎಸೆದರು. "ಒಂದಿನ ಒಬ್ಬರ ಹಲ್ಲು ಅರ್ಧ ಬಂದಿದೆ, ಆ ಕಂಡಕ್ಟರು ಫೋನಲ್ಲಿ ಬಿಡ್ತಾನೇ ಇಲ್ಲ. ತಲೆ ಕೆಟ್ಟುಹೋಯ್ತು. ಹತ್ತಿ ಕೂತ್ಕೊಳ್ಳಿ ಅಂದೆ. ಮಾರನೇ ದಿನ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತಾರೆ! ಆಮೇಲೆ ಯಾರೇ ಕೇಳಿದ್ರೂ ಅದನ್ನೇ ಹೇಳ್ದೆ. ಆ ಹಲಗೆ ಹೇಗಿದೆ ಅಂತಾನೂ ನಾನು ನೋಡಿಲ್ಲ."

"ಅದಕ್ಕೆ ಹಿಡಿ ಇದೆ. ಕಬ್ಬಿಣದ್ದು. ಒಂದು ವರ್ಷ ಕೂತು ಮಾಡಿದೀನಿ."

"ಎಲ್ಲರೂ ಅದನ್ನೇ ಹೇಳೋದು, ಹಿಡಿ ಹಿಡಿ ಅಂತ."

"ಏನಂತ ಹೇಳ್ತಾರೆ?"

ಡಾಕ್ಟರು ಹೇಳುವುದೋ ಬೇಡವೋ ಎಂದು ಅಳೆಯುತ್ತಿದ್ದಂತಿತ್ತು. "ಒಂದು ಕೈಲಿ ಹಲಗೆ ಒತ್ತಿ ಹಿಡ್ಕೊಂಡು, ಇನ್ನೊಂದು ಕೈಲಿ ತಿರುಪು ಬಿಗೀಬೇಕಂತೆ. ಆ ಇನ್ನೊಂದು ಕೈ ಎಲ್ಲಿಂದ ತರೋಣ ಅಂತ ಕೇಳ್ತಾರೆ."

ಮರದಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಈ ಹಲಗೆಯನ್ನು ಅವಳು ಮೊದಲು ಮಾಡಿದ್ದು ಅತ್ತೆಗೆ. ಅತ್ತೆಯ ಎಡಗೈ ಸತ್ತು ಎರಡು ವರ್ಷ. ದಿನವೂ ಸಂಜೆ ಅವಳೇ ಹಲಗೆಯನ್ನು ಅಡುಗೆಮನೆಯ ಕಟ್ಟೆಗೆ ಬಿಗಿಯುತ್ತಿದ್ದಳು, ಬೆಳಿಗ್ಗೆ ಅಡುಗೆಗೆ ಜಾಗ ಬೇಕೆಂದು ಅವಳೇ ಕಳಚಿಡುತ್ತಿದ್ದಳು. ಬಿಗಿಯುವಾಗ ಅತ್ತೆ ಪಕ್ಕದಲ್ಲಿ ನಿಂತು "ಗಟ್ಟಿಯಾಗಿದೆ, ಗಟ್ಟಿಯಾಗಿದೆ" ಎನ್ನುತ್ತಿದ್ದರು. ಹಿಡಿಗೆ ಎರಡು ಕೈ ಬೇಕು ಎನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ.

"ಬೇಜಾರ್ ಮಾಡ್ಕೋಬೇಡಿ," ಎಂದರು ಡಾಕ್ಟರು. "ನಂಗೂ ನಿಮ್ಮ ಹತ್ರ ಒಂದು ಕೇಳೋದಿತ್ತು. ಆ ಕನ್ನಡಿ ನೋಡಿದ್ರಲ್ಲ? ಒಬ್ಬ ಹುಡುಗನ ತಾಯಿ ಬಂದು, 'ಎಲ್ಲಿ ಕನ್ನಡಿ? ಮಗುಗೆ ಏನು ನಡೀತಿದೆ ಅಂತ ಕಾಣ್ಲಿ, ಕನ್ನಡಿ ಕೊಟ್ಟು ಕೂರಿಸ್ತೀವಿ ಅಂತ ನೀವೇ ಫೋನಲ್ಲಿ ಹೇಳಿದ್ರಲ್ಲ' ಅಂತ ಜಗಳಕ್ಕೆ ನಿಂತ್ಳು. ನಾನು ಹೇಳಿಲ್ಲ. ಜಗಳ ಯಾಕೆ ಅಂತ ನನ್ನ ಬ್ಯಾಗಿಂದ ಕನ್ನಡಿ ತೆಗೆದುಕೊಟ್ಟೆ. ಆ ಹುಡುಗ ಮೂರು ಜನ ಹಿಡಿದ್ರೂ ಬಾಯಿ ತೆರೀತಿರಲಿಲ್ಲ. ಅವತ್ತು ತಾನಾಗೇ ತೆರೆದ. ಅವತ್ತಿಂದ ಅದನ್ನ ಕಟ್ಟಿಹಾಕಿದೀನಿ. ಅದು ನೀವೇನಾ?"

ಮರದಕ್ಕ ನೆನಪಿಸಿಕೊಳ್ಳಲು ನೋಡಿದಳು. ಹೆಸರು ಹೇಳಿದ್ದಕ್ಕೆ ಯಾರೋ ಈ ನಂಬರು ಕೊಟ್ಟರೆಂದು, ಹಲ್ಲಿನ ಡಾಕ್ಟರಾ ಎಂದು ಒಬ್ಬಳು ಅತ್ತುಕೊಂಡು ಕೇಳಿದ್ದು ಮಸುಕಾಗಿ ನೆನಪಾಯಿತು. ಉಜ್ಜುಗೊರಡು ಕೈಯಲ್ಲಿತ್ತು, ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಏನು ಹೇಳಿದೆನೋ. "ಇರಬಹುದು," ಎಂದಳು. "ಕಾಣದೇ ಇರೋ ಕೆಲಸಕ್ಕೆ ಎಲ್ಲರೂ ಹೆದರ್ತಾರೆ."

"ಹಾಗಾದ್ರೆ ನೀವೂ ಮೂಗು ತೂರಿಸಿದೀರಿ!" ಡಾಕ್ಟರು ಗಟ್ಟಿಯಾಗಿ ನಕ್ಕರು. ಹೊರಗೆ ಕೆನ್ನೆ ಹಿಡಿದು ಕೂತಿದ್ದವರು ಬೆಚ್ಚಿ ಒಳಗೆ ಇಣುಕಿದರು. ಮರದಕ್ಕನಿಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಮೆಟ್ಟಿಲಿಳಿಯುವಾಗ ಎದೆಯಲ್ಲಿ ಒಂದೇ ಪ್ರಶ್ನೆ ಕುಟುಕುತ್ತಿತ್ತು. ದವಡೆಯನ್ನು ಯಾವ ಬಡಗಿಯಾದರೂ ಕೊರೆಯಬಹುದು. ಹಿಡಿಯನ್ನೂ ತೆಗೆದುಬಿಟ್ಟರೆ ಆ ಹಲಗೆಯಲ್ಲಿ ನನ್ನದು ಅಂತ ಏನು ಉಳಿಯಿತು?

ಮನೆಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ಕಾಫಿಪುಡಿಯ ಬಾಟಲಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಸೊಸೆಯನ್ನು ಕಂಡೊಡನೆ ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು, ಅದಕ್ಕೂ ತಮಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ.

ಮರದಕ್ಕ ಮೂಲೆಯಲ್ಲಿದ್ದ ಹಲಗೆಯನ್ನು ತಂದು ಕಟ್ಟೆಯ ಮೇಲಿಟ್ಟಳು. "ಅತ್ತೆ, ಇವತ್ತು ಇದನ್ನ ನೀವೇ ಬಿಗೀರಿ."

"ನಾನ್ಯಾಕೆ? ನೀನು ಬಂದಿದೀಯಲ್ಲ."

"ನಾನು ಇಲ್ಲ ಅಂದ್ಕೊಳ್ಳಿ."

ಅತ್ತೆ ಸೊಸೆಯ ಮುಖ ನೋಡಿದರು. ಎದ್ದು ಬಂದರು. ತಿರುಪು ಹಿಡಿದು ತಿರುಗಿಸಿದಾಗ ಹಲಗೆಯೇ ತಿರುಗಿತು. ಹೊಟ್ಟೆಯಿಂದ ಒತ್ತಿ ನೋಡಿದರು, ಜಾರಿತು. ಕೊನೆಗೆ ಬಗ್ಗಿ, ಗಲ್ಲವನ್ನು ಹಲಗೆಯ ಮೇಲೆ ಊರಿ, ಕಣ್ಣು ಮುಚ್ಚಿಕೊಂಡು ಬಲಗೈಯಿಂದ ತಿರುಪಿಗಾಗಿ ತಡಕಾಡಿದರು. ಮರದಕ್ಕನಿಗೆ ನೋಡಲಾಗಲಿಲ್ಲ.

"ಸಾಕು ಬಿಡಿ ಅತ್ತೆ. ಇದಾಗಲ್ಲ ಅಂತ ಯಾವತ್ತಿಂದ ಗೊತ್ತು ನಿಮಗೆ?"

"ಮೊದಲ ದಿನಾನೇ."

"ಹೇಳಬಾರದಿತ್ತಾ?"

"ಏನಂತ ಹೇಳ್ಲೇ? ಆ ಕಬ್ಬಿಣಾನ ಮಗೂನ ಒರೆಸಿದ ಹಾಗೆ ಒರೆಸಿ ಒರೆಸಿ ಇಡ್ತಿದ್ದೆ. ನನಗೋಸ್ಕರ ಅಷ್ಟು ಒದ್ದಾಡಿದೀಯ." ಅತ್ತೆ ಗಲ್ಲ ಉಜ್ಜಿಕೊಂಡರು. "ಸಂಜೆ ಹೆಂಗೂ ನೀನು ಕೆಲಸ ಬಿಟ್ಟು ಒಳಗೆ ಬರ್ತೀಯ. ಕಾಫಿ ಒಂದಿಷ್ಟು ತಡವಾದ್ರೆ ಪ್ರಾಣ ಹೋಗುತ್ತಾ?"

ಮರದಕ್ಕನ ಕಣ್ಣು ತುಂಬಿತು. ತೋರಿಸಿಕೊಳ್ಳದೆ ಸ್ಪ್ಯಾನರು ತಂದು ಹಿಡಿಯನ್ನು ಬಿಚ್ಚಿದಳು. ಕುರ್ಚಿ ಎಳೆದು ಹಲಗೆಯ ಬಾಲವನ್ನು ಅದರ ಮೇಲಿಟ್ಟಳು. "ಇದರ ಮೇಲೆ ಹತ್ತಿ ಕೂತ್ಕೊಳ್ಳಿ."

"ಹಲಗೆ ಮೇಲಾ? ಅಲ್ಲಿ ನಿನ್ನ ಹೆಸರಿದೆಯಲ್ಲೇ!"

"ಇರ್ಲಿ, ಕೂತ್ಕೊಳ್ಳಿ."

ಅತ್ತೆ ಅಳುಕುತ್ತಲೇ ಕೂತರು. ಬಾಟಲಿ ದವಡೆಗೆ ಸಿಕ್ಕಿತು. ಮುಚ್ಚಳ ಒಂದು ಸಲ ಕಿರ್ರೆಂದು, ಸಡಿಲವಾಗಿ, ಅವರ ಅಂಗೈಯೊಳಗೆ ಬಂತು. ಅವರು ಅದನ್ನು ಕೂಡಲೇ ಕೆಳಗಿಡಲಿಲ್ಲ. ಮತ್ತೆ ಮುಚ್ಚಿದರು. ಮತ್ತೆ ತೆಗೆದರು. ಆಮೇಲೆ ಏನೂ ಆಗದವರಂತೆ, "ನಿನಗೂ ಒಂದು ಲೋಟ ಮಾಡ್ಲಾ?" ಎಂದು ಕೇಳಿದರು.

ಮನೆಯ ಹಿಂದಿನ ಕೆಲಸದ ಕೋಣೆಯಲ್ಲಿ ಮುದ್ರೆಯೊಂದನ್ನು ಬಿಟ್ಟು ಆಸ್ಪತ್ರೆಗೆಂದು ಸಿದ್ಧವಾಗಿದ್ದ ಮಾದರಿ ಬೆಂಚಿನ ಮೇಲಿತ್ತು. ಮರದಕ್ಕ ಅದರ ಹಿಡಿಯನ್ನೂ ಬಿಚ್ಚಿ, ಹೊಡೆದುಕೊಳ್ಳುತ್ತಿದ್ದ ಬಾಗಿಲಿಗೆ ಅಡ್ಡ ಇಟ್ಟಳು. ಬಾಗಿಲು ನಿಂತಿತು. ತೂತುಗಳಿಗೆ ಮರದ ಬಿರಡೆ ಹೊಡೆದು, ಕೂರುವವರಿಗೆ ಒತ್ತದಿರಲೆಂದು ಬಾಲದ ಅಂಚನ್ನೆಲ್ಲ ದುಂಡಗೆ ಉಜ್ಜಿದಳು. ಮುದ್ರೆಯನ್ನು ಒಲೆಯ ಮೇಲಿಟ್ಟು ಕಾಯಿಸಿದಳು. ಕೆಂಪಾದ ಮೇಲೆ, ಈ ಸಲ ಬಾಲಕ್ಕಲ್ಲದೆ ದವಡೆಯ ಕೆಳಗೆ, ಕಾಣುವ ಜಾಗದಲ್ಲಿ ಒತ್ತಿದಳು. ಹೊಗೆ ಎದ್ದಿತು. ಹೆಸರು ಸ್ಪಷ್ಟವಾಗಿ ಮೂಡಿತು.

ಹತ್ತಿ ಕೂತ್ಕೊಳ್ಳಿ ಎಂದ ಡಾಕ್ಟರು ನೆನಪಾದರು. ಆಮೇಲೆ ಮುದ್ರೆಯನ್ನು ಮತ್ತೆ ಒಲೆಗಿಟ್ಟಳು.

ಲೋಟ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತು ಬಗ್ಗಿ ನೋಡಿದರು. ಮೊದಲನೆಯದರ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಅದೇ ಹೆಸರು ಇನ್ನೊಂದು ಸಲ ಹೊಗೆಯಾಡುತ್ತಿತ್ತು.

"ಯಾಕೆ, ಮೊದಲನೇದು ಸರಿಯಾಗಿ ಬೀಳಲಿಲ್ವಾ?"

"ಸರಿಯಾಗೇ ಬಿತ್ತು ಅತ್ತೆ," ಎಂದು ಮರದಕ್ಕ ಕಾಫಿಗೆ ಕೈ ಚಾಚಿದಳು.