ಸಹಿ ಮಾಡಿದ ಸದಸ್ಯರು

“ಆಕಳಿಸಿದ್ದು ಬಿಟ್ಟು ಹೇಳು ಭೂತ್ಯಾ. ಐದು ವರ್ಷದಲ್ಲಿ ಆ ವಿಧಾನಸಭೇಲಿ ಎಷ್ಟು ಸಲ ಬಾಯಿ ಬಿಟ್ಟೆ?”

ಉಜ್ಜನಪ್ಪನವರು ಹೀಗೆ ಕೇಳಿದಾಗ ಶಿವಮೊಗ್ಗದ ಅವರ ದುರ್ಗಿಗುಡಿ ಮನೆಯ ಪಡಸಾಲೆಯಲ್ಲಿ ಮೂವತ್ತು ಜನ ಕೂತಿದ್ದರು. ಹೋ ಅಂತ ನಕ್ಕರು. ಒಬ್ಬನಿಗೆ ಕಾಫಿ ನೆತ್ತಿಗೇರಿ ಕೆಮ್ಮು ಹತ್ತಿತು. ಉಜ್ಜನಪ್ಪನವರು ಅಕ್ಕಿ ಗಿರಣಿಯ ಸಾವ್ಕಾರರು, ಜಿಲ್ಲೆಯಲ್ಲಿ ಪಕ್ಷ ಅಂದರೆ ಅವರೇ. ಐವತ್ತೇಳನೇ ಇಸವಿಯ ಚುನಾವಣೆಗೆ ಇನ್ನು ಎರಡು ತಿಂಗಳಿತ್ತು. ಯಾರಿಗೆ ಟಿಕೆಟ್ಟು ಅನ್ನುವ ಪಟ್ಟಿ ಅವತ್ತು ಆ ಪಡಸಾಲೆಯಲ್ಲಿ ತಯಾರಾಗುತ್ತಿತ್ತು.

ಭೂತಪ್ಪ ನನ್ನ ಸೋದರಮಾವ. ನಮ್ಮ ಭದ್ರಾವತಿ ಕೇರಿಯವನು, ಮೀಸಲು ಸೀಟಿನಲ್ಲಿ ಗೆದ್ದ ಎಮ್ಮೆಲ್ಲೆ. ಖಾದಿ ಜುಬ್ಬ, ಖಾದಿ ಟೋಪಿ ಹಾಕಿಕೊಂಡು ಜಗಲಿಯ ಮೇಲೆ, ಕಂಬಕ್ಕೆ ಒರಗದೆ ನಿಂತಿದ್ದ. ಒಳಗೆ ಬಾ ಅಂತ ಯಾರೂ ಅಂದಿರಲಿಲ್ಲ. ಅವನೂ ಹೋಗಿರಲಿಲ್ಲ. ಅವನ ಹಿಂದೆ ಅಂಗಳದಲ್ಲಿ, ಅವರೆಲ್ಲರ ಚಪ್ಪಲಿಗಳ ನಡುವೆ ನಾನು.

“ನಗಬೇಡ್ರಯ್ಯ, ಛಾಪಿಸಿದ ಪುಸ್ತಕ ಇದೆ. ಮೂರ್ತಿಗಳೇ, ಓದಿ,” ಅಂದರು ಉಜ್ಜನಪ್ಪನವರು.

ವಕೀಲ ಶ್ರೀನಿವಾಸಮೂರ್ತಿಗಳು ದಪ್ಪ ಪುಸ್ತಕ ತೆಗೆದರು. ವಿಧಾನಸಭೆಯಲ್ಲಿ ಯಾರು ಏನು ಮಾತಾಡಿದರು ಅನ್ನುವುದನ್ನೆಲ್ಲ ಸರ್ಕಾರ ಅಚ್ಚು ಹಾಕಿಸಿದ ಪುಸ್ತಕ. “ಪುಸ್ತಕದ ಕೊನೇಲಿ, ಮಾತಾಡಿದವರ ಹೆಸರಿನ ಪಟ್ಟಿ ಇರುತ್ತೆ,” ಅಂದರು. “ಬೇರೆಯವರ ಮುಂದೆ ಪುಟದ ನಂಬರು ಸಾಲುಸಾಲು. ನಮ್ಮ ಭೂತಪ್ಪನ ಮುಂದೆ ಒಂದೇ ಒಂದು.” ಆ ಪುಟ ತೆಗೆದು, ಕನ್ನಡಕ ಸರಿಮಾಡಿಕೊಂಡು, ಹರಿಕತೆ ದಾಸರ ಹಾಗೆ ಕೈ ಎತ್ತಿ ಓದಿದರು.

“‘ಶ್ರೀ ಭೂತಪ್ಪ: ಸ್ವಾಮೀ... ಸಭಾಧ್ಯಕ್ಷರು: ಸದಸ್ಯರು ಈ ವರದಿಗೆ ಸಹಿ ಮಾಡಿದ್ದಾರೆ. ಭಿನ್ನಾಭಿಪ್ರಾಯದ ಟಿಪ್ಪಣಿ ಕೊಟ್ಟಿಲ್ಲ. ಈಗ ವಿರುದ್ಧ ಮಾತಾಡುವ ಹಾಗಿಲ್ಲ. ಕುಳಿತುಕೊಳ್ಳಬೇಕು.’ ಆಮೇಲೆ ಕಂಸದಲ್ಲಿ, ‘ಸದಸ್ಯರು ಕುಳಿತರು.’ ಅಷ್ಟೇ, ಮುಗೀತು.”

“ಅಲ್ಲ ಮಾರಾಯ,” ಉಜ್ಜನಪ್ಪನವರು ಹೊಟ್ಟೆ ಹಿಡಿದುಕೊಂಡರು, “ಸ್ವಾಮೀ ಅನ್ನೋಕೆ ಬೆಂಗಳೂರಿನ ತನಕ ಯಾಕೆ ಹೋದೆ? ಇಲ್ಲೇ ನಮ್ಮ ಬಾಗಿಲಲ್ಲಿ ದಿನಾ ಅಂತಿದ್ಯಲ್ಲೋ!”

ಮತ್ತೆ ನಗು. ಮಾವನೂ ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಅವರೆಲ್ಲ ‘ಸ್ವಾಮೀ’ ಕೇಳಿ ನಕ್ಕರು. ನನಗೆ ಕೇಳಿಸಿದ್ದು ‘ಸಹಿ ಮಾಡಿದ್ದಾರೆ’ ಅನ್ನುವುದು. ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮರಳು ಹೊರೋಕೆ ಹೋದವನು. ಆದರೂ ಅದು ಯಾವ ವರದಿ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ನನ್ನಪ್ಪ ಸತ್ತದ್ದರ ವರದಿ.

ಅಪ್ಪ ಮೈಲಪ್ಪ ಹೊಳೆದಂಡೆಯ ಒಂದು ಖಾಸಗಿ ಫೌಂಡ್ರಿಯಲ್ಲಿ ಕೂಲಿ. ಕರಗಿದ ಕಬ್ಬಿಣ ತುಂಬಿದ ಬಾನಿಗೆ ಆಚೆ ಈಚೆ ಒಂದೊಂದು ಹಿಡಿ. ಇಬ್ಬರು ಎತ್ತಿಕೊಂಡು ಓಡಬೇಕು, ಅಚ್ಚಿಗೆ ಸುರಿಯಬೇಕು. ಅವತ್ತು ಅಪ್ಪನ ಕಡೆಯ ಹಿಡಿ ಮುರಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ನೀರು ಕೇಳಿದ. ಹಿಡಿ ಬಿರುಕು ಬಿಟ್ಟಿದೆ ಅಂತ ವಾರದಿಂದ ಮೇಸ್ತ್ರಿಗೆ ಹೇಳಿದ್ದ ಅಂತಲೂ ಹೇಳಿದ. ಫೌಂಡ್ರಿಯವರು ಅವನು ಕುಡಿದು ಬಂದಿದ್ದ, ಎಡವಿದ ಅಂದರು. ನನ್ನಪ್ಪ ಹೆಂಡ ಮುಟ್ಟಿದವನಲ್ಲ. ಕೇರಿಯಲ್ಲಿ ಅದಕ್ಕೇ ಅವನನ್ನು ‘ಐನೋರು’ ಅಂತ ಆಡಿಕೊಳ್ಳುತ್ತಿದ್ದರು.

ಯೂನಿಯನ್ನಿನವರು ಗಲಾಟೆ ಎಬ್ಬಿಸಿದ ಮೇಲೆ ವಿಧಾನಸಭೆಯ ಸಮಿತಿಯೊಂದು ನೋಡಲು ಬಂತು. ಏಳು ಜನ ಮೆಂಬರು. ಏಳನೆಯವನು ಮಾವ.

ಆ ಬೆಳಿಗ್ಗೆ ನಾನು ಫೌಂಡ್ರಿ ಅಂಗಳದ ಮರಳಿನ ಗುಡ್ಡೆಯ ಮೇಲಿಂದ ಕಣ್ಣಾರೆ ನೋಡಿದೆ. ಆರು ಜನ ಮೂಗಿಗೆ ಕರವಸ್ತ್ರ ಹಿಡಿದು ನೆರಳಲ್ಲಿ ನಿಂತಿದ್ದರು. ಮಾವ ಹದಿನಾಲ್ಕು ವರ್ಷ ಅದೇ ಬಾನಿ ಹೊತ್ತವನು. ಗುಜರಿ ರಾಶಿಗೆ ನೆಟ್ಟಗೆ ಹೋದ, ಜುಬ್ಬದ ತೋಳು ಮಡಚಿದ, ಮುರಿದ ಹಿಡಿಯನ್ನು ಹುಡುಕಿ ಎಳೆದ. ಬೂದಿ ಸಮೇತ ತಂದು ಅವರ ಕಾಲ ಮುಂದೆ ಇಟ್ಟ.

“ನೋಡಿ ಸ್ವಾಮಿ. ಹೊಸದಾಗಿ ಮುರಿದ್ರೆ ಒಳಗೆ ಬೆಳ್ಳಗೆ ಇರ್ತದೆ. ಇಲ್ಲಿ ನೋಡಿ, ಅರ್ಧ ಬೆಳ್ಳಗೆ, ಅರ್ಧ ತುಕ್ಕು. ತುಕ್ಕು ಒಂದಿನಕ್ಕೆ ಹಿಡೀತದಾ? ತಿಂಗಳಿಂದ ಬಿರುಕು ಬಿಟ್ಟಿತ್ತು ಇದು. ಕುಡಿದಿದ್ದು ಮೈಲಪ್ಪ ಅಲ್ಲ. ಈ ಹಿಡೀನ ನೋಡದೇ ಇದ್ದೋರು.”

ಮರಳ ಗುಡ್ಡೆಯ ಮೇಲೆ ನಾವು ಹನ್ನೆರಡು ಜನ ಬುಟ್ಟಿ ಇಳಿಸಿ ನಿಂತಿದ್ದೆವು. ನಮ್ಮವನು ಹಾಗೆ ಮಾತಾಡಿದ್ದನ್ನು ಆವರೆಗೆ ಕೇಳಿರಲಿಲ್ಲ. ಒಬ್ಬ ಮೆಂಬರು “ಭೇಷ್” ಅಂದ. ಸಮಿತಿಯ ಕಾರ್ಯದರ್ಶಿ ಏನೋ ಗೀಚಿಕೊಂಡ. ಆ ಸಂಜೆ ಅವ್ವ ಮಾವನ ಕಾಲು ಹಿಡಿದುಕೊಂಡಳು. “ಅಣ್ಣಾ, ಅದನ್ನ ಆ ಪುಸ್ತಕದಾಗೆ ಬರೆಸು. ನಂಗೇನೂ ಕೊಡ್ಸಬ್ಯಾಡ. ಅವ್ನು ಕುಡಿದಿರ್ಲಿಲ್ಲ ಅಂತ ಬರೆಸು ಸಾಕು.” ಮಾವ ಅವಳ ತಲೆ ಮುಟ್ಟಿ ಆಣೆ ಮಾಡಿದ.

ವರದಿ ಬಂತು. ಮೃತನು ಪಾನಮತ್ತನಾಗಿದ್ದನು, ಕಾರ್ಖಾನೆಯ ಕಡೆಯಿಂದ ಲೋಪವಿಲ್ಲ ಅಂತ ಅದರಲ್ಲಿತ್ತು. ನಲ್ಲಿಯ ಹತ್ತಿರ ಹೆಂಗಸರು ಅವ್ವನನ್ನು ಕುಡುಕನ ಹೆಂಡ್ತಿ ಅಂದರು. ಉಳಿದ ಆರು ಜನ ಸೇರಿ ಹಾಗೆ ಬರೆದಿದ್ದಾರೆ, ಸದನದಲ್ಲಿ ನಮ್ಮಣ್ಣ ಎದ್ದು ಹೇಳ್ತಾನೆ ಅಂತ ಅವ್ವ ನಂಬಿದಳು. ನಾನೂ ನಂಬಿದೆ. ಬೆಂಗಳೂರಿನಿಂದ ಬಂದ ಮಾವ, ಎದ್ದು ನಿಂತೆ ಅಂತಷ್ಟೇ ಹೇಳಿದ್ದ. ಅವನು ಎದ್ದದ್ದು ನಿಜ.

ಪಡಸಾಲೆಯಲ್ಲಿ ನಗು ಇಳಿದಿತ್ತು. ಉಜ್ಜನಪ್ಪನವರು ಕಣ್ಣೊರೆಸಿಕೊಂಡು ಹೇಳಿದರು. “ತಮಾಷೆ ಸಾಕು. ಆ ಸೀಟಿಗೆ ಇನ್ನಿಬ್ಬರು ಕೇಳ್ತಿದಾರೆ. ಒಬ್ಬ ಮೇಷ್ಟ್ರು, ಒಬ್ಬ ಯೂನಿಯನ್ನಿನ ಬೋಳಿಮಗ. ಇಬ್ಬರಿಗೂ ಬಾಯಿ ಇದೆ. ನಮಗೆ ಯಾಕ್ರೀ ಬೇಕು? ಐದು ವರ್ಷದಲ್ಲಿ ಒಂದೇ ಮಾತು, ಅದೂ ‘ಸ್ವಾಮೀ’. ಇಂಥ ಮನುಷ್ಯ ದೀಪ ಹಚ್ಚಿ ಹುಡುಕಿದ್ರೂ ಸಿಗಲ್ಲ. ಟಿಕೆಟ್ಟು ಭೂತಪ್ಪನಿಗೇ. ಮೂರ್ತಿಗಳೇ, ಅರ್ಜಿ ಕೊಡಿ, ಸಹಿ ಹಾಕ್ಲಿ.”

ಮೂರ್ತಿಗಳು ಹೊಸ್ತಿಲ ತನಕ ಬಂದು, ತಾಗದ ಹಾಗೆ, ಕಾಗದವನ್ನೂ ಪೆನ್ನನ್ನೂ ಹೊಸ್ತಿಲ ಆಚೆ ನೆಲಕ್ಕಿಟ್ಟು ಹಿಂದೆ ಸರಿದರು. ಮಾವ ಕಾಗದ ನೋಡಿದ. ಬಗ್ಗಲಿಲ್ಲ.

“ಬ್ಯಾಡ ಬುದ್ಧೀ.”

“ಏನ್ ಬ್ಯಾಡ? ಕಾಫೀನಾ?”

“ಟಿಕೆಟ್ಟು ಬ್ಯಾಡ.”

ಯಾರೂ ನಗಲಿಲ್ಲ. ಉಜ್ಜನಪ್ಪನವರ ಮುಖ ನಿಧಾನಕ್ಕೆ ಕೆಂಪಾಯಿತು. “ತಮಾಷೆಗೆ ಅಂದಿದ್ದಕ್ಕೆ ಸಿಟ್ಟು ಬಂತೇನೋ? ಸಿಟ್ಟು ಬರೋ ಅಷ್ಟು ಯಾವಾಗ ಬೆಳೆದೆ? ನಾಳೆ ಹೊಟ್ಟೆಗೆ ಏನ್ ತಿಂತೀಯಾ? ಆ ಫೌಂಡ್ರಿ ನಮ್ಮ ಬೀಗರದ್ದು, ಮರೀಬೇಡ. ಗೇಟಿನ ಹತ್ರ ಮೂಸೋಕೂ ಬಿಡಲ್ಲ ಸೂಳೆಮಗನೆ!”

“ಗೊತ್ತೈತೆ ಬುದ್ಧೀ,” ಅಂದ ಮಾವ. ಮೆಟ್ಟಿಲಿಳಿದ.

ಕೇರಿಯವರಿಗೆ ಈ ಕತೆ ಇಲ್ಲಿಗೇ ಮುಗಿದರೆ ಇಷ್ಟ. ಭೂತಪ್ಪ ಟಿಕೆಟ್ಟಿಗೆ ಒದ್ದು ಬಂದ ಅಂತ ಇವತ್ತಿಗೂ ಹೇಳುತ್ತಾರೆ. ಅವರು ರೈಲಿನಲ್ಲಿ ನಮ್ಮ ಜೊತೆ ಇರಲಿಲ್ಲ.

ಭದ್ರಾವತಿಗೆ ಸಂಜೆಯ ರೈಲು. ಮೂರನೇ ಕ್ಲಾಸಿನ ಡಬ್ಬಿಯಲ್ಲಿ ಎದುರುಬದುರು ಕೂತೆವು. ಸ್ಟೇಷನ್ನು ಬಿಡುವ ತನಕ ನಾನು ತಡೆದುಕೊಂಡೆ.

“ಸಹಿ ಯಾಕೆ ಹಾಕಿದೆ ಮಾವ?”

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕಿಟಕಿಗೆ ಹೇಳುವ ಹಾಗೆ ಹೇಳಿದ.

“ಶಿವಮೊಗ್ಗದ ಬಂಗ್ಲೇಲಿ ಮೇಜಿನ ಸುತ್ತ ಏಳು ಕುರ್ಚಿ ಹಾಕಿದ್ರು ಕಣೋ ಹಾಲ್ಯಾ. ಏಳನೇದು ನಂದು. ಅಲ್ಲಿ ತನಕ ಎಲ್ಲಿಗೆ ಟೂರು ಹೋದ್ರೂ ನಂಗೆ ಹೊರಗೆ, ಡ್ರೈವರ್ ಜತೆ ಎಲೆ. ಅವತ್ತು ಒಳಗೆ ಕರೆದ್ರು. ಎಲ್ರಿಗೂ ಕಾಫಿ ಬಂತು. ಪಿಂಗಾಣಿ ಕಪ್ಪು, ಸುತ್ತ ನೀಲಿ ಗೆರೆ. ನಂಗೂ ಅದೇ ಕಪ್ಪು. ಬೇರೆ ಲೋಟ ಅಲ್ಲ, ಅದೇ. ತಪ್ಪಾಗಿ ಇಟ್ಟವ್ನೇನೋ ಅಂತ ಆ ಬಟ್ಲರ್ ಮುಖ ನೋಡ್ದೆ. ಕುಡೀರಿ ಅಂದ.”

“ಆಮೇಲೆ?”

“ಆಮೇಲೆ ಇಂಗ್ಲೀಷ್ ಕಾಗದ ಬಂತು. ಎಲ್ಲಾ ಸಹಿ ಮಾಡಿದ್ರು. ‘ನೀವು ಹೇಳಿದ್ದನ್ನೆಲ್ಲ ನೋಟ್ ಮಾಡ್ಕೊಂಡಿದೀವಿ ಭೂತಪ್ಪನವರೇ’ ಅಂದ್ರು ಕಾರ್ಯದರ್ಶಿ. ಭೂತಪ್ಪನವರೇ ಅಂದ್ರು ಕಣೋ. ಓದಿ ಹೇಳಿ ಅಂತ ಹೆಂಗೆ ಕೇಳ್ಲಿ? ನಿಮ್ಮನ್ನ ನಂಬಲ್ಲ ಅಂದಂಗೆ ಆಗ್ತಿತ್ತು. ಕಪ್ಪು ಇನ್ನೂ ನನ್ನ ಕೈಯಲ್ಲೇ ಇತ್ತು.”

“ಒಪ್ಪದೇ ಇದ್ರೆ ಬೇರೆ ಬರೆದು ಕೊಡ್ಬೇಕಂತಲ್ಲ?”

“ಅದು ಸಭೇಲಿ ಕುಂದ್ರಿಸಿದ್ರಲ್ಲ, ಆವಾಗ ಗೊತ್ತಾತು. ನಮ್ಮ ಕೇರಿ ಪಂಚಾಯ್ತೀಲಿ ಐದು ಜನದ ಮುಂದೆ ಹೇಳಿದ್ರೆ ಆತು, ಯಾರು ಅಳಿಸ್ತಾರೆ? ಇವ್ರು ಆರು ಜನ ಇದ್ರು. ಕೇಳಿಸ್ಕಂಡ್ರು. ಭೇಷ್ ಅಂದ್ರು.”

ನನ್ನ ಬಾಯಿಂದ ಅದು ಬಂದೇ ಬಿಟ್ಟಿತು, ಡಬ್ಬಿಗೆಲ್ಲ ಕೇಳುವ ಹಾಗೆ. “ಒಂದು ಕಪ್ಪು ಕಾಫಿಗೆ ನನ್ನಪ್ಪನ್ನ ಮಾರಿದೆ!”

ಬುಟ್ಟಿ ಹಿಡಿದ ಹೆಂಗಸರು ತಿರುಗಿ ನೋಡಿದರು. ಬೈತಾನೆ, ಹೊಡೀತಾನೆ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಮಾವ ತಲೆಯಾಡಿಸಿದ, ಲೆಕ್ಕ ಸರಿಯಾಗಿದೆ ಅನ್ನುವವನ ಹಾಗೆ.

ಸ್ಟೇಷನ್ನಿನಿಂದ ಕೇರಿಗೆ ನಡೆದೆವು. ಇನ್ನೂ ಬೆಳಕಿತ್ತು. ಕೇರಿಯ ಬಾಯಲ್ಲಿರುವ ನಲ್ಲಿಯ ಹತ್ತಿರ ಆರೇಳು ಹೆಂಗಸರು ಕೊಡ ಸಾಲಿಗಿಟ್ಟು ನಿಂತಿದ್ದರು. ಅವ್ವ ಕಡೆಯಲ್ಲಿದ್ದಳು. ಎರಡು ವರ್ಷದಿಂದ ಅವಳು ಕಡೆಯಲ್ಲೇ ನಿಲ್ಲುತ್ತಿದ್ದಳು. ನಮ್ಮನ್ನು ಕಂಡದ್ದೇ ಕೊಡ ಬಿಟ್ಟು ಓಡಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಾರಿಗೆ ಅಡ್ಡ ನಿಂತಳು.

“ಅಣ್ಣಾ, ಆ ಪುಸ್ತಕ ಬಂದೈತಂತಲ್ಲ, ವಕೀಲ್ರ ಹತ್ರ. ನೋಡ್ದ್ಯಾ?”

ಮಾವ ನಿಂತ.

“ಓದಿದ್ರಾ ಅಣ್ಣಾ? ನಿನ್ನ ಮಾತು ಹಾಕ್ಯಾರಾ?” ಅವ್ವ ನಲ್ಲಿಯ ಕಡೆ ತಿರುಗಿ ದನಿ ಎತ್ತಿದಳು. “ಬರ್ರೇ ಇಲ್ಲಿ, ಕೇಳ್ಕಳಿ! ನಮ್ಮಣ್ಣ ಬಂದವ್ನೆ, ಹೇಳ್ತಾನೆ!” ಹೆಂಗಸರು ಕೊಡ ಬಿಟ್ಟು ಒಬ್ಬೊಬ್ಬರಾಗಿ ಬಂದರು. ಅವಳನ್ನು ಕುಡುಕನ ಹೆಂಡ್ತಿ ಅಂದವಳೂ ಬಂದಳು. ಅವ್ವ ಎಲ್ಲರ ಮುಂದೆ ಮಾವನ ಮುಖ ನೋಡಿ ನಕ್ಕಳು. “ಹೇಳು ಅಣ್ಣಾ. ಏನಂತ ಬರ್ದಾರೆ? ಅವ್ನು ಕುಡಿದಿರ್ಲಿಲ್ಲ ಅಂತ ಬರ್ದಾರಾ?”

ಸುಳ್ಳು ಹೇಳಿಬಿಡು ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಹೂಂ ಅಂದುಬಿಡು, ಇಲ್ಲಿ ಯಾರಿಗೆ ಓದೋಕೆ ಬರ್ತದೆ.

ಅವನು ಪಕ್ಕಕ್ಕೆ ಸರಿದು ಅವ್ವನನ್ನು ದಾಟಿ ನಡೆದ.

“ಅಣ್ಣಾ?”

ಅವನ ಮನೆಯ ಬಾಗಿಲಲ್ಲಿ ಅತ್ತೆ ಮಾಸ್ತಮ್ಮ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಅವಳನ್ನೂ ದಾಟಿದ. ಅವ್ವ ಇನ್ನೊಂದು ಸಲ ಕೂಗಿದಳು. ಕೇರಿ ಮುಗಿಯುವವರೆಗೆ ಅವನ ಬಿಳಿ ಜುಬ್ಬ ಕಾಣುತ್ತಿತ್ತು. ಆಮೇಲೂ ಅವನು ನಡೆಯುತ್ತಲೇ ಇದ್ದ.