ಹಗೇವಿನಲ್ಲಿಟ್ಟ ಸರ್ಟಿಫಿಕೇಟು

ಎಂಬತ್ತೈದನೆಯ ಇಸವಿಯ ಮಾಗಿಯಲ್ಲಿ ನಮ್ಮೂರ ಶಾಲೆಗೆ ಹೊಂದಿಕೊಂಡಿದ್ದ ಜೋಳದ ಕಣಿಕೆಯ ಬಣವೆಗೆ ಬೆಂಕಿ ಬಿತ್ತು. ಗಾಳಿ ಶಾಲೆಯ ಕಡೆಗೇ ಇತ್ತು. ಕೊಡ ಹಿಡಿದು ಓಡಿದವರು ಮಕ್ಕಳು ಕೂಡುವ ಕೋಣೆಗಳನ್ನು ಉಳಿಸಿಕೊಂಡರು. ಹೆಡ್ ಮಾಸ್ತರರ ಕೋಣೆ ಉಳಿಯಲಿಲ್ಲ. ಅಲ್ಲಿದ್ದ ಕಟ್ಟಿಗೆಯ ಕಪಾಟು, ಅದರೊಳಗಿನ ದಾಖಲೆ, ಎಲ್ಲ ಬೂದಿಯಾದವು. ಮರುದಿನ ಮಾಸ್ತರರು ಕಟ್ಟೆಯ ಮೇಲೆ ಕೂತು, ಯಾರ ಮನೆಯಲ್ಲಿ ಸರ್ಟಿಫಿಕೇಟು ಇದೆಯೋ ಅವರು ಜೋಪಾನ ಮಾಡಿಕೊಳ್ಳಿರಿ, ಇನ್ನು ನಕಲು ಕೇಳಿದರೆ ಕೊಡಲು ನನ್ನಲ್ಲಿ ಏನೂ ಇಲ್ಲ ಎಂದರು.

ನಮ್ಮ ಮನೆಯಲ್ಲಿ ಎರಡು ಇದ್ದವು. ಒಂದು ಅಣ್ಣ ಗುಡದಪ್ಪನದು. ಇನ್ನೊಂದು ನನ್ನದು, ಏಳನೆಯ ಇಯತ್ತೆ ಪಾಸಾದದ್ದು. ಮುಂದಿನ ಶಾಲೆ ಸಂಶಿಯಲ್ಲಿತ್ತು, ಬಸ್ಸು ಹತ್ತಿ ಹೋಗಬೇಕಿತ್ತು. ಅಷ್ಟಕ್ಕೇ ನನ್ನನ್ನು ಬಿಡಿಸಿದ್ದರು.

ಆ ಬೆಂಕಿ ನೋಡಿದ ಮೇಲೆ ಅಪ್ಪ ಅಂದಾನೆಪ್ಪನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಹೊಲದ ಖರೀದಿ ಪತ್ರ, ಕಾಕಾನ ಜೋಡಿ ಆಸ್ತಿ ಪಾಲಾದಾಗಿನ ವಾಟ್ನಿ ಪತ್ರ, ನಮ್ಮ ಸರ್ಟಿಫಿಕೇಟು, ಎಲ್ಲ ಜಂತೆಗೆ ಸಿಕ್ಕಿಸಿದ ಅರಿವೆಯ ಗಂಟಿನಲ್ಲಿದ್ದವು. ತಿಜೋರಿ ನೋಡಿ ಬರೋಣವೆಂದು ಸೋದರಮಾವ ಮಲಕಪ್ಪನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟ. ಸಂತೆಯ ನೆಪದಲ್ಲಿ ಅವ್ವನೂ ನಾನೂ ಹೋದೆವು.

ಅಂಗಡಿಯವನು ಹಸಿರು ಬಣ್ಣದ ಕಬ್ಬಿಣದ ತಿಜೋರಿಯನ್ನು ಗುದ್ದಿ ತೋರಿಸಿ, ಮನೆ ಸುಟ್ಟರೂ ಇದು ಸುಡುವುದಿಲ್ಲ ಎಂದ. ಅಪ್ಪ ತಲೆಯಾಡಿಸಿದ. ಹಿಂದೆ ನಿಂತಿದ್ದ ಅವ್ವ ಸೆರಗು ಸರಿಮಾಡಿಕೊಂಡು ಅಂದಳು:

"ಹಂಚೂ ಸುಡೂದಿಲ್ರಿ. ಹಂಚಿನ ಮ್ಯಾಲಿನ ರೊಟ್ಟಿ ಸುಡತೈತಿ."

ಅಂಗಡಿಯವನು ನಕ್ಕ. ಗೋಡೆಯೊಳಗೆ ಮಣ್ಣು ತುಂಬಿದ ದಪ್ಪನೆಯದೊಂದನ್ನು ತೋರಿಸಿದ, ಇದರಲ್ಲಿ ಕಾವು ಇಳಿಯುವುದಿಲ್ಲ ಎಂದ. ಮಾವ ಅದನ್ನು ಗೇಣು ಹಾಕಿ ಅಳೆದು, ನಮ್ಮ ಬಾಗಿಲಲ್ಲಿ ಹಿಡಿಯುವುದಿಲ್ಲ ಎಂದ. ಬ್ಯಾಂಕಿನ ಲಾಕರಿನ ಮಾತೂ ಬಂತು. ತನ್ನ ಕಾಗದ ತಾನು ನೋಡಲು ಇನ್ನೊಬ್ಬರ ಮುಂದೆ ಹೋಗಿ ನಿಂತು ಕೇಳುವುದು ಅಪ್ಪನಿಗೆ ಸೇರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವನೇ ಹಗೇವಿನ ಮಾತು ತೆಗೆದಳು. ನಮ್ಮ ಮನೆಯ ಮುಂದೆ ನೆಲದೊಳಗೆ ಅಜ್ಜನ ಕಾಲದ ಹಗೇವು ಇದೆ. ಬಾಯಿ ಸಣ್ಣದು, ಒಳಗೆ ಗುಡಾಣದಂತೆ ಅಗಲ. ಸುತ್ತ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮಳೆಗಾಲ ಕಳೆದರೂ ಕಾಳು ಕೆಡುವುದಿಲ್ಲ. ಮೇಲೆ ಊರೇ ಉರಿದರೂ ಅಷ್ಟು ಕೆಳಗೆ ಬೆಂಕಿ ಇಳಿಯುವುದಿಲ್ಲ. ಆದರೆ ಒಮ್ಮೆ ಬಾಯಿ ತೆಗೆದರೆ ಕಾಳೆಲ್ಲ ಹೊರಗೆ ತೆಗೆಯಬೇಕು. ಗಾಳಿ ಹೊಕ್ಕ ಹಗೇವಿನಲ್ಲಿ ಜೋಳಕ್ಕೆ ಹುಳ ಬೀಳುತ್ತದೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಹಗೇವು ತುಂಬಿದರು. ಕಾಗದಗಳನ್ನು ತಗಡಿನ ಡಬ್ಬಿಯಲ್ಲಿಟ್ಟು, ಮುಚ್ಚಳದ ಸುತ್ತ ಮೇಣ ಬಳಿದು, ಅಪ್ಪ ಅದನ್ನು ಜೋಳದ ನಡುವೆ ಹುಗಿದ. ನನ್ನ ಸರ್ಟಿಫಿಕೇಟನ್ನು ನಾನೇ ತಂದುಕೊಟ್ಟೆ. ಹೊಲದ ಪತ್ರದ ಸಾಲಿನಲ್ಲಿ ನನ್ನದೊಂದು ಕಾಗದವನ್ನೂ ಇಟ್ಟರೆಂದು ನನಗೆ ಹಿಗ್ಗಾಗಿತ್ತು.

ಬೇಸಿಗೆಯಲ್ಲಿ ಕುಂದಗೋಳದಿಂದ, ಸುತ್ತಲಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಮೆಹರುನಬಿ ಅಕ್ಕೋರು ಬಂದರು. ನಮ್ಮೂರಿಗೆ ಅಂಗನವಾಡಿ ಬರುವುದಿತ್ತು. ಅದನ್ನು ನಡೆಸಲು ಏಳನೆಯ ಇಯತ್ತೆ ಪಾಸಾದ ಊರಿನ ಹೆಣ್ಣುಮಗಳು ಬೇಕಾಗಿದ್ದಳು. ಅಂಥವರು ಇದ್ದದ್ದು ನಾನು ಮತ್ತು ಮೇಲಿನ ಓಣಿಯ ಬಸಕ್ಕ. ನಾನು ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆ ಇದ್ದಲಿಯಿಂದ ಅಕ್ಷರ ಬರೆದು ತೋರಿಸುವುದನ್ನು ಅಕ್ಕೋರು ಸುಮ್ಮನೆ ನಿಂತು ನೋಡಿದ್ದರು.

"ಮಾತು ಕಡಿಮಿ ನಿಂದು," ಎಂದರು. "ಆದ್ರ ಹುಡುಗ್ರು ನಿನ್ನ ಬಾಜೂಕ ಅಂಜದ ಕೂತಾವ. ಸೋಮವಾರ ಸರ್ಟಿಫಿಕೇಟ ತಗೊಂಡು ಬಾ. ಅದಿಲ್ಲಂದ್ರ ನನ್ನ ಕೈಯಾಗ ಏನಿಲ್ಲ ನೋಡವಾ."

ಆ ದಿನವೆಲ್ಲ ಒಂದೇ ಮಾತನ್ನು ಮನಸ್ಸಿನಲ್ಲಿ ಅಂದುಕೊಳ್ಳುತ್ತ ತಿರುಗಿದೆ. ಅಪ್ಪ ಊಟಕ್ಕೆ ಕೂತಾಗ ಹೇಳಿದೆ.

"ಯಪ್ಪಾ, ಡಬ್ಬಿ ಬೇಕಾಗೇತಿ."

"ಯಾ ಡಬ್ಬಿ?"

"ಹಗೇವಿನ್ಯಾಗಿಂದು."

ಅಪ್ಪನ ಕೈ ರೊಟ್ಟಿಯ ಮೇಲೆ ನಿಂತಿತು. ಬೈಯಲಿಲ್ಲ. ಅಂಗನವಾಡಿಯ ಮಾತು ಪೂರಾ ಕೇಳಿಸಿಕೊಂಡ. ಆಮೇಲೆ, ಕಾಳು ಹೊರಗೆ ತೆಗೆದರೆ ಎಲ್ಲಿ ಇಡುವುದು, ಹುಳ ಬಿದ್ದರೆ ಯಾರು ಕೊಳ್ಳುತ್ತಾರೆ ಎಂದು ಸಣ್ಣ ಹುಡುಗಿಗೆ ಹೇಳುವಂತೆ ಹೇಳಿದ.

"ಒಂದ ಕಾಗದಕ್ಕ ಹಗೇವು ತಗೀತಾರೇನಬೇ? ಮುಂದಿನ ಸಲ ನೋಡೂಣು."

ಮುಂದಿನ ಸಲ ಎಂಬುದು ಇಲ್ಲ ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅಣ್ಣ ನಕ್ಕ.

"ಮನ್ಯಾಗ ಮಾತಾಡಾಕ ಬಾಯಿ ಬರೂದಿಲ್ಲ, ಊರ ಹುಡುಗ್ರಿಗೆ ಕಲಸತಾಳಂತ."

ನಾನು ಅವ್ವನನ್ನು ನೋಡಿದೆ. ಹುಬ್ಬಳ್ಳಿಯಲ್ಲಿ ಗುರುತಿಲ್ಲದ ಗಂಡಸಿನ ಮುಂದೆ ಮಾತಾಡಿದ್ದ ಅವ್ವ ಒಲೆಯ ಬೂದಿ ಕೆದಕುತ್ತ ಕೂತಳು.

ಸೋಮವಾರ ಬಸಕ್ಕ ಕುಂದಗೋಳಕ್ಕೆ ಹೋದಳು. ಅವಳ ಸರ್ಟಿಫಿಕೇಟು ಗೂಟಕ್ಕೆ ಹಾಕಿದ ಕೈಚೀಲದಲ್ಲಿ ಬಿದ್ದಿತ್ತು. ಎಣ್ಣೆಯ ಕಲೆಯಾಗಿ, ಒಂದು ಮೂಲೆಯನ್ನು ಇಲಿ ತಿಂದಿತ್ತು. ಇದನ್ನು ತೆಗೆದುಕೊಳ್ಳುತ್ತಾರೋ ಇಲ್ಲೋ ಎಂದು ಹೋಗುವ ಮೊದಲು ನನಗೇ ತೋರಿಸಿ ಕೇಳಿದಳು. ತೆಗೆದುಕೊಂಡರು. ಅಕ್ಕೋರು ಸಂಜೆಯ ಬಸ್ಸಿನವರೆಗೂ ನನ್ನ ದಾರಿ ನೋಡಿದರಂತೆ. ಅದನ್ನೂ ಬಸಕ್ಕನೇ ಹೇಳಿದಳು.

ಮಳೆ ಹಿಡಿಯುವ ಮೊದಲು ಅಣ್ಣನಿಗೆ ಬಸ್ ಕಂಡಕ್ಟರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಮುಂಜಾನೆ ಟಪಾಲು ಬಂತು, ಬಿಸಿಲು ಏರುವುದರೊಳಗೆ ಅಪ್ಪ ಹಗೇವಿನ ಬಾಯಿಯ ಮಣ್ಣು ಕೆತ್ತಿದ್ದ. ಮಾವ ಮಲಕಪ್ಪ ಚೀಲ ಹೊತ್ತು ಬಂದ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟರು, ಕಂದೀಲು ಇಳಿಬಿಟ್ಟು ಅದು ಆರಲಿಲ್ಲವೆಂದ ಮೇಲೆ ಆಳು ಇಳಿದ. ಅಂಗಳ ಗುಡಿಸಿ ಚಾಪೆ ಹಾಸಿದವಳು ನಾನೇ. ಕಾಳೆಲ್ಲ ಹೊರಗೆ ಬಂತು. ಹುಳದ ಮಾತನ್ನು ಯಾರೂ ಆಡಲಿಲ್ಲ.

ಡಬ್ಬಿಯೊಳಗೆ ಕಾಗದಗಳು ಇಟ್ಟಂತೆಯೇ ಇದ್ದವು. ಅಪ್ಪ ಒಂದೊಂದನ್ನೇ ಬಿಡಿಸಿ ಬಂದವರಿಗೆಲ್ಲ ತೋರಿಸಿದ. ಕೊನೆಗೆ ನನ್ನನ್ನು ಕರೆದ.

"ತಗೋ ಮಾದೇವಿ, ನಿಂದೂ ಐತಿ. ಒಂದಕ್ಷರ ಕೆಟ್ಟಿಲ್ಲ ನೋಡು. ನಿಮ್ಮವ್ವನ ತಲಿ ಅಂದ್ರ ತಲಿ."

ಅವ್ವ ನೆಲಕ್ಕೆ ಚೆಲ್ಲಿದ ಕಾಳು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಅಣ್ಣ ಹೋಗಿ ಬಂದ, ಕೆಲಸ ಆಗಲಿಲ್ಲ. ಶ್ರಾವಣದಲ್ಲಿ ಜೋಳಕ್ಕೆ ಹುಳ ಬಿತ್ತು. ಬಿಸಿಲು ಬಿದ್ದಾಗಲೆಲ್ಲ ಹರವಿ, ಕೇರಿ, ಮತ್ತೆ ತುಂಬುವುದು ನನ್ನ ಪಾಲಿಗೆ ಬಂತು. ಕೇರುವಾಗ ಅಂಗನವಾಡಿಯಿಂದ ಮಕ್ಕಳ ದನಿ ಕೇಳುತ್ತಿತ್ತು.

ಮರುವರ್ಷ ಹೋಳಿಯ ಹೊತ್ತಿಗೆ ಅಪ್ಪ ಮತ್ತೆ ಹಗೇವು ತುಂಬಿಸುತ್ತ ಡಬ್ಬಿ ಕೇಳಿದ. ಡಬ್ಬಿ ಕೊಟ್ಟೆ. ನನ್ನ ಕಾಗದ ಅದರಲ್ಲಿಲ್ಲ ಎಂಬುದನ್ನು ಅವನು ನೋಡಲಿಲ್ಲ. ನೋಡಿದವಳು ಅವ್ವ. ಸಂಜೆ ರೊಟ್ಟಿ ಬಡಿಯುವಾಗ ಒಲೆಯ ಮೇಲಿನ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಕೆಳಗೆ, ಅದು ಅವಳ ಕಣ್ಣಿಗೆ ಬಿತ್ತು.

"ಒಲಿ ಬಾಜೂಕ ಇಟ್ಟೀಯಲ್ಲಬೇ. ಕಿಡಿ ಬಿದ್ದರ?"

"ಬೀಳಲಿ," ಎಂದೆ. "ಕೈಗೆ ಸಿಗತೈತಿ."

ಅವ್ವ ನನ್ನ ಮುಖ ನೋಡುತ್ತ ಹಾಗೇ ಕೂತಳು. ಆಮೇಲೆ ನೆನಪಾಗಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿದಳು. ಅದು ಆಗಲೇ ಸೀದಿತ್ತು.