ಯಾರದೂ ಅಲ್ಲದ ಅಂಗಿ

ಆಸ್ಪತ್ರೆಯ ಫ್ಯಾನು ತಿರುಗುತ್ತಿದೆ, ಗಾಳಿಯೆಲ್ಲ ಆಚೆ ಬೆಂಚಿನವರಿಗೆ, ಇಲ್ಲಿ ಮತ್ತೆ ಬಂತು ಝಳ — ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ, ಒಲೆ ಮುಂದೆ ಕೂತ ಹಾಗೆ, ದರ್ಜಿ ಕಾಲರ್ ಬಿಚ್ಚಲು ಕೈಯೆತ್ತಿದ, ಬಿಚ್ಚಲು ಗುಂಡಿಯೆಲ್ಲಿದೆ, ಕಾಜ ಒಂದೇ ಬಾಯಿ ತೆರೆದು ಕೂತಿದೆ, ಮೂವತ್ತು ವರ್ಷ ಲೋಕಕ್ಕೆಲ್ಲ ಗುಂಡಿ ಹಾಕಿದವನ ಕತ್ತಿನಲ್ಲೇ ಗುಂಡಿಯಿಲ್ಲ, ಪಕ್ಕದಲ್ಲಿ ಹೆಂಡತಿ ಅಂಟು ಬಿಡಿಸದ ರಿಪೋರ್ಟಿನ ಲಕೋಟೆಯಿಂದಲೇ ಗಾಳಿ ಬೀಸುತ್ತಾ ಕಿಸಕ್ಕೆಂದಳು, ಈಗ ಗೊತ್ತಾಯ್ತೇನ್ರೀ, ಗೊತ್ತಾಯ್ತು ಕಣೇ, ಮುಟ್ಟು ನಿಂತ ವರ್ಷ ಅವಳು ಕಿಟಕಿ ತೆಗೆಯುತ್ತಿದ್ದಳು, ಇವನು ಮುಚ್ಚುತ್ತಿದ್ದ, ಎಲ್ಲಾ ನಿನ್ನ ಭ್ರಮೆ ಅಂದಿದ್ದ, ಮಾಡಿದ್ದುಣ್ಣೋ ಮಹರಾಯ — ಈಗ ಇಬ್ಬರೂ ಸೇರಿ ಕಿಟಕಿ ತೆಗೆಯುತ್ತಾರೆ, ಇಷ್ಟು ಒಮ್ಮತ ಮದುವೆಯ ಹೊಸತರಲ್ಲೂ ಇರಲಿಲ್ಲ. ಡಾಕ್ಟರಮ್ಮ ಅಂದಿದ್ದರು, ಕ್ಯಾನ್ಸರ್ ಪ್ರಾಸ್ಟೇಟ್‌ನಿಂದ ಸೊಂಟದ ಮೂಳೆಗೂ ಹೋಗಿದೆ, ಗಂಡಸಿನ ಹಾರ್ಮೋನೇ ಅದಕ್ಕೆ ಊಟ, ಆ ಊಟ ನಿಲ್ಸೋಣ, ಮೂರು ತಿಂಗಳಿಗೊಂದು ಇಂಜೆಕ್ಷನ್, ದಿನಾ ಮಾತ್ರೆ, ಮುಟ್ಟು ನಿಂತವರ ಹಾಗೆ ಮೈಗೆ ಝಳ ಏರುತ್ತೆ, ರಕ್ತದಲ್ಲಿ ಪಿಎಸ್‌ಎ ಅಂತ ಒಂದು ಅಂಕಿ ಇದೆ, ಅದು ಒಂದರೊಳಗೆ ಇಳಿದ್ರೆ ಮದ್ದು ಕೇಳ್ತಿದೆ ಅಂತ ಅರ್ಥ — ಅವತ್ತು ಒಬ್ಬನೇ ಬಂದಿದ್ದ, ಮನೆಯಲ್ಲಿ ಬಾಯಿ ಬಿಡಲಿಲ್ಲ, ತನ್ನ ಅಂಕಿ ಮರೆತೀತೆಂದು ಅಳತೆ ಪುಸ್ತಕದಲ್ಲಿ ಬರೆದುಬಿಟ್ಟ, ನಲವತ್ತೆರಡು, ಹೆಸರು ಬರೆಯಲು ಕೈ ಬರಲಿಲ್ಲ, ಕತ್ತರಿ ಹಿಡಿಯುವವಳು ಹೆಂಡತಿ, ಎದೆಯಳತೆ ಎಂದುಕೊಂಡು ನೀಲಿ ಬಟ್ಟೆ ಕತ್ತರಿಸಿ ಅಂಗಿಯನ್ನೇ ಹೊಲಿದಳು, ಕಾಲರಿನ ಗುಂಡಿ ಒಂದು ಬಾಕಿ, ಯಾರದ್ರೀ ಇದು ಅಂದಳು, ಸುಳ್ಳು ಹೊಳೆಯಲಿಲ್ಲ, ಅದು ಎದೆಯಲ್ಲ ಕಣೇ, ನನ್ನ ರಕ್ತದ ಅಂಕಿ — ಸೂಜಿ ಅಲ್ಲೇ ನಿಂತಿತು. ಅತ್ತಳು, ಆಮೇಲೆ ಮೂಗೊರೆಸಿಕೊಂಡು, ಮೂವತ್ತೆಂಟರ ಎದೆಗೆ ನಲವತ್ತೆರಡರ ರೋಗ ತಂದಿದೀರಲ್ರೀ, ಅದು ಒಂದರೊಳಗೆ ಇಳಿದ ದಿನವೇ ಈ ಗುಂಡಿ ಹಾಕೋದು ಅಂದಳು, ಅಂಗಿ ಮೊಳೆಗೆ ಏರಿತು, ಮೂರು ತಿಂಗಳಿಗೆ ಹನ್ನೊಂದು, ಮತ್ತೆ ಮೂರು ತಿಂಗಳಿಗೆ ನಾಲ್ಕು, ಅದಿಳಿದಂತೆ ಇವನು ಊದಿದ, ಇಂಜೆಕ್ಷನ್ ಹೊಟ್ಟೆಯನ್ನೂ ಕೊಟ್ಟಿತು ಎದೆಯನ್ನೂ ಕೊಟ್ಟಿತು, ಇವತ್ತು ಬೆಳಿಗ್ಗೆ ಯಾವ ಅಂಗಿಗೂ ಮೈ ಹಿಡಿಸಲಿಲ್ಲ, ಮೊಳೆಯ ಮೇಲಿನದು ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಬನ್ನಿ ಯಜಮಾನ್ರೇ — ಒಳಗೆ ಕುರ್ಚಿ, ಲಕೋಟೆ ಹರಿಯುವ ಸದ್ದು, ಹೆದರಿಕೆ ಆಗುತ್ತಿದೆ, ಬಹಳ ಹೆದರಿಕೆ, ಹೆಂಡತಿಯ ಬೆರಳು ಅವನ ತೋಳಿನ ಹೊಲಿಗೆ ಸವರುತ್ತಿದೆ, ಸೊನ್ನೆ ಪಾಯಿಂಟ್ ನಾಲ್ಕು ಅಂದರು ಡಾಕ್ಟರಮ್ಮ, ಪೂರ್ತಿ ಹೋಯ್ತು ಅಂತಲ್ಲ, ಹತೋಟಿಗೆ ಬಂತು, ಮುಂದೆ ತಲೆ ಎತ್ತಿದ್ರೂ ಬೇರೆ ದಾರಿಗಳಿವೆ, ಹೊಸದೊಂದು ಬಂದಿದೆ, ರೋಗದ ಕಣವನ್ನೇ ಹುಡುಕ್ಕೊಂಡು ಹೋಗಿ ವಿಕಿರಣ ಬಿಡೋ ಮದ್ದು, ನಿಮಗೆ ಒಗ್ಗುತ್ತಾ ಅಂತ ಆಗ ನೋಡೋಣ — ಅಂದರೆ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದಾರೆ, ಬಿಚ್ಚಿಕೊಳ್ಳಲು ಇನ್ನೂ ಜಾಗವಿದೆ, ಅವನಿಗೆ ನಗು ಬಂತು, ಎದ್ದು ಕುಣಿಯಬೇಕೆನಿಸಿತು, ಏಳಲು ಎಲ್ಲಿ ಬಿಟ್ಟಳು, ಡಾಕ್ಟರ ಎದುರೇ ಚೀಲದಿಂದ ಸೂಜಿದಾರ ತೆಗೆದಾಗಿತ್ತು, ಅಲ್ಲಾಡಬೇಡಿ, ಯಾರದ್ರೀ ಈ ಅಂಗಿ, ನಂದೇ ಕಣೇ, ಗಂಟಲ ಹತ್ತಿರ ಅವಳ ಉಸಿರು, ಹಲ್ಲಿನಿಂದ ದಾರ ಕಡಿದ ಸದ್ದು, ಮತ್ತೆ ಝಳ, ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ, ಬೆವರಿಳಿಯಲಿ, ಬಿಚ್ಚುವುದಿಲ್ಲ, ಕಾಜದೊಳಗೆ ಗುಂಡಿ, ಗುಂಡಿ —